ಒದ್ದೆ ಇಲ್ಲಿ, ಸೋರಿದ್ದು ಅಲ್ಲಿ

ಆರಿದ್ರಾ ಮಳೆ ಹಿಡಿದ ಮೂರನೇ ರಾತ್ರಿ ಕಳಸದ ನಮ್ಮ ಮನೆಯಲ್ಲಿ ಅಮ್ಮನ ಮಂಚದ ಮೇಲೆ ನೀರು ತೊಟ್ಟಿಕ್ಕತೊಡಗಿತು. ಮಂಚ ಸರಿಸಿ ಪಾತ್ರೆ ಇಟ್ಟೆವು. ಟಣ್, ಟಣ್. ಯಾರಿಗೂ ನಿದ್ದೆಯಿಲ್ಲ. ಅಮ್ಮನಿಗೆ ಮೊದಲೇ ಉಬ್ಬಸ, ಥಂಡಿ ಆಗುವುದಿಲ್ಲ.

ಮಳೆ ಹೊಳವಾದಾಗ ಮಂಚದ ನೇರಕ್ಕಿದ್ದ ನಾಲ್ಕು ಹೆಂಚು ಬದಲಿಸಿದೆ. ರಾತ್ರಿ ಮತ್ತೆ ಅದೇ ಟಣ್.

ದೊಡ್ಡಪ್ಪ ಬಂದವರು ಹೆಂಚು ನೋಡಲೇ ಇಲ್ಲ. ಟಾರ್ಚ್ ಹಿಡಿದು ಒಳಗಿನ ಪಕಾಸು ನೋಡಿದರು. "ಬೀಳೋ ಜಾಗ ಬಿಡು ಮಾರಾಯ, ನೀರು ಒಳಗೆ ಬರೋ ಜಾಗ ಹುಡುಕು." ಪಕಾಸಿನ ಅಡಿಯಲ್ಲಿ ಒದ್ದೆಯ ಕಪ್ಪು ಗೆರೆ ಮೇಲಕ್ಕೆ ಹೋಗಿತ್ತು. ನೀರು ಮರಕ್ಕಂಟಿ ಇಳಿದು, ಮೊಳೆಯೋ ಗಂಟೋ ಅಡ್ಡ ಸಿಕ್ಕಲ್ಲಿ ಬೀಳುತ್ತದೆ.

ಮರುದಿನ ಬಿಸಿಲು ಬಂದು ಮಾಡು ಒಣಗಿದ ಮೇಲೆ ನಾನು ಪೈಪ್ ಹಿಡಿದು ಏಣಿ ಹತ್ತಿದೆ. ತಂಗಿ ಒಳಗೆ ಟಾರ್ಚ್ ಹಿಡಿದಳು. ಕೆಳಗಿನ ಸಾಲಿನಿಂದ ಒಂದೊಂದೇ ಸಾಲು ಮೇಲಕ್ಕೆ ನೀರು ಬಿಡಬೇಕು. ಮೇಲಿಂದ ಸುರಿದರೆ ಎಲ್ಲ ಸಾಲೂ ನೆನೆದು, ಯಾವುದೆಂದೇ ತಿಳಿಯದು. ಹನ್ನೊಂದನೇ ಸಾಲಿಗೆ "ಬಂತು, ಬಂತು!" ಎಂದು ಕೂಗಿದಳು.

ಹೆಂಚು ಒಡೆದಿರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಈ ಹೆಂಚುಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ನೀರು ಇಳಿಯಲು ಸಣ್ಣ ಕಾಲುವೆಗಳಿವೆ. ಅದರಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಕೂತು, ನೀರು ಒಳಕ್ಕೆ ಉಕ್ಕುತ್ತಿತ್ತು. ಮಂಚದಿಂದ ಎಂಟಡಿ ಆಚೆ! ಕಡ್ಡಿಯಿಂದ ಕೆದಕಿದೆ, ಐದು ನಿಮಿಷದ ಕೆಲಸ.

ಮರ ಕಡಿಯುವಂತಿಲ್ಲ. ಕಾಫಿಗೆ ನೆರಳು ಅದೇ, ಮೆಣಸಿನ ಬಳ್ಳಿ ಹಬ್ಬಿರುವುದೂ ಅದಕ್ಕೇ. ಅಮ್ಮನ ಮಂಚ ಹಳೇ ಜಾಗಕ್ಕೆ ಬಂತು. ಪಾತ್ರೆಯನ್ನು ಮಾತ್ರ ಅವಳು ಇನ್ನೂ ಮಂಚದಡಿಯೇ ಇಟ್ಟುಕೊಂಡಿದ್ದಾಳೆ.