ಗುಂಡು ಹಾರಿದ ಮೇಲೆ ಶುರುವಾಗುವ ಬೇಟೆ

ಸೆಪ್ಟೆಂಬರ್ ತಿಂಗಳ ನಸುಕಿನಲ್ಲಿ ಮೊಂಟಾನಾದ ಬೆಟ್ಟಗಳ ನಡುವೆ ಒಂದು ಕೂಗು ಏಳುತ್ತದೆ. ತಗ್ಗು ದನಿಯಲ್ಲಿ ಹೊರಟು, ಸಿಳ್ಳೆಯಂತೆ ಮೇಲೇರಿ, ಗೊರಗೊರ ಸದ್ದಿನಲ್ಲಿ ಮುಗಿಯುವ ಈ ಕೂಗು ಬೆದೆಗೆ ಬಂದ ಗಂಡು ಎಲ್ಕ್‌ನದು. ಎಲ್ಕ್ ನಮ್ಮ ಕಡವೆಯ ದೂರದ ನಂಟ. ಬಲಿತ ಗಂಡು 300 ಕಿಲೋ ದಾಟುತ್ತದೆ. ಈ ಕೂಗಿನ ಮೋಹಕ್ಕೆ ಬಿದ್ದವರು ವರ್ಷವರ್ಷವೂ ಬಂದೂಕು ಹೊತ್ತು ಅಮೆರಿಕದ ರಾಕಿ ಪರ್ವತಗಳಿಗೆ ಬರುತ್ತಾರೆ. ಹಣವುಳ್ಳವರು ಗೈಡುಗಳ ಹಿಂದೆ ಹೋಗುತ್ತಾರೆ. ಇನ್ನು ಕೆಲವರಿಗೆ ತಮ್ಮದೇ ಕುದುರೆ, ತಮ್ಮದೇ ಡೇರೆ, ತಮ್ಮದೇ ಅಡುಗೆ ಎಂಬ ಹಟ.

ಹೊರ ರಾಜ್ಯದ ಇಂಥ ಹಟಮಾರಿಗಳಿಗೆ ನೆರೆಯ ವಯೋಮಿಂಗ್ ಒದಗುವುದಿಲ್ಲ. ಅಲ್ಲಿ ಕಾಯ್ದಿಟ್ಟ ಘೋರಾರಣ್ಯಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಯಾಡಲು ಹೊರಗಿನವನ ಜೊತೆ ಗೈಡ್ ಅಥವಾ ಸ್ಥಳೀಯನೊಬ್ಬ ಇರಲೇಬೇಕು. ಮೊಂಟಾನಾದಲ್ಲಿ ಆ ಕಟ್ಟಳೆಯಿಲ್ಲ. ಹಾಗಾಗಿ ಅವರ ಕಣ್ಣು ಬೀಳುವುದು ಬಾಬ್ ಮಾರ್ಷಲ್ ಅರಣ್ಯದ ಮೇಲೆ. ಅರಣ್ಯಗಳ ಉಳಿವಿಗೆ ಹೋರಾಡಿ 1939ರಲ್ಲಿ ತೀರಿಕೊಂಡ ಅರಣ್ಯಾಧಿಕಾರಿಯ ಹೆಸರಿನ ಈ ಕಾಡು ಹತ್ತು ಲಕ್ಷ ಎಕರೆ ಮೀರುತ್ತದೆ. 1964ರ ಕಾಯ್ದೆಯಂತೆ ಒಳಗೆ ಮೋಟಾರು ವಾಹನವಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ದಾರಿಗೆ ಮರ ಬಿದ್ದಿದ್ದರೆ ಕೊಡಲಿ, ಕೈಗರಗಸಗಳೇ ಗತಿ. ಕುದುರೆ ಇಲ್ಲಿ ಶೋಕಿಯಲ್ಲ, ಅಗತ್ಯ.

ತಯಾರಿ ಚಳಿಗಾಲದಲ್ಲೇ ಶುರುವಾಗಬೇಕು. ಹೊರ ರಾಜ್ಯದವರಿಗೆ ಎಲ್ಕ್ ಬೇಟೆಯ ಪರವಾನಗಿಗಳು ವರ್ಷಕ್ಕೆ 17,000. ಲಾಟರಿಯಲ್ಲಿ ಹೆಸರು ಬರಬೇಕು. ಆಮೇಲೆ ನಕ್ಷೆಯ ಪಾಠ. ಈ ಕಾಡಿನ ಹೆಗ್ಗುರುತು ಚೈನೀಸ್ ವಾಲ್ ಎಂಬ ಸುಮಾರು ಸಾವಿರ ಅಡಿ ಎತ್ತರದ ಸುಣ್ಣಕಲ್ಲಿನ ಗೋಡೆ. ಆದರೆ ಅದರ ಪೂರ್ವ ಮಗ್ಗುಲಿನ ಕಾಡು 1913ರಷ್ಟು ಹಿಂದೆಯೇ ಬೇಟೆ ನಿಷೇಧಿತ ಪ್ರದೇಶವಾಯಿತು. ಗಡಿಯ ಗೆರೆ ತಿಳಿಯದೆ ಗುಂಡು ಹಾರಿಸಿದವನು ಅಪರಾಧಿಯಾಗುತ್ತಾನೆ.

ಮುಂದಿನದು ಕುದುರೆಗಳ ಲೆಕ್ಕ. ಹೇರುಕುದುರೆಯೊಂದು ಹೊರುವುದು 60-70 ಕಿಲೋ. ಮೂಳೆ ಬಿಡಿಸಿದರೂ ಒಂದು ಎಲ್ಕ್‌ನ ಮಾಂಸ ಸುಮಾರು ನೂರು ಕಿಲೋ. ಅಂದರೆ ಒಂದು ಬೇಟೆಗೆ ಎರಡು ಕುದುರೆ. ಡೇರೆ, ದಿನಸಿ, ಮೇವು ಬೇರೆ; ಆ ಮೇವಿನಲ್ಲೂ ಕಳೆಬೀಜವಿಲ್ಲವೆಂಬ ಪ್ರಮಾಣವಿರಬೇಕು. ಬೇಸಿಗೆಯಲ್ಲೇ ಹೇರು ಹೊರಿಸಿ, ರಕ್ತದ ವಾಸನೆಗೆ ಕುದುರೆಗಳನ್ನು ಪಳಗಿಸದಿದ್ದರೆ, ಮಾಂಸ ಹೇರುವ ಹೊತ್ತಿಗೆ ಅವು ಹಗ್ಗ ಹರಿದು ಓಡುತ್ತವೆ.

ಇಷ್ಟು ಲೆಕ್ಕ ಹಾಕಿದವರೂ ಎಡವುವುದು ಗ್ರಿಜ್ಲಿ ಕರಡಿಯ ವಿಷಯದಲ್ಲಿ. ಈ ಕಾಡನ್ನೊಳಗೊಂಡ ಪರ್ವತ ಸೀಮೆಯಲ್ಲಿ ಸುಮಾರು ಸಾವಿರ ಗ್ರಿಜ್ಲಿಗಳಿವೆ. 1975ರಿಂದ ಅವಕ್ಕೆ ಕಾನೂನಿನ ರಕ್ಷಣೆಯುಂಟು. ಚಳಿಗಾಲದ ನಿದ್ದೆಗೆ ಮುನ್ನ ಕೊಬ್ಬು ಕಟ್ಟಿಕೊಳ್ಳಲು ಅದು ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನಬಲ್ಲದು: ಮನುಷ್ಯನ ಏಳೆಂಟು ದಿನಗಳ ಊಟ! ಆ ಹಸಿವಿನ ಕಾಲವೇ ಬೇಟೆಯ ಕಾಲವೂ ಹೌದು. ಮೊಂಟಾನಾದಲ್ಲಿ 2001ರಲ್ಲಿ, ಕೊಂದ ಎಲ್ಕ್‌ ಅನ್ನು ಹಸನು ಮಾಡುತ್ತಿದ್ದ ಬೇಟೆಗಾರನೊಬ್ಬ ಗ್ರಿಜ್ಲಿಗೆ ಬಲಿಯಾದ. ವಯೋಮಿಂಗ್‌ನಲ್ಲಿ 2018ರಲ್ಲಿ ಅದೇ ಕೆಲಸದಲ್ಲಿದ್ದ ಅನುಭವಿ ಗೈಡೊಬ್ಬ ಪ್ರಾಣ ಕಳೆದುಕೊಂಡ.

ಆದ್ದರಿಂದ ಬೇಟೆ ಬಿದ್ದೊಡನೆ ಕೆಲಸ ಹಂಚಿಕೊಳ್ಳಬೇಕು. ಒಬ್ಬ ಕತ್ತಿ ಹಿಡಿದರೆ ಇನ್ನೊಬ್ಬ ಸುತ್ತ ಕಣ್ಣಿಡಬೇಕು. ಖಾರದ ಸ್ಪ್ರೇ ಚೀಲದಲ್ಲಲ್ಲ, ಸೊಂಟದಲ್ಲಿರಬೇಕು. ಮೆಣಸಿನಕಾಯಿಯ ಘಾಟೇ ಜೀವಾಳವಾದ ಈ ಅಸ್ತ್ರ ರೂಪುಗೊಂಡದ್ದು 1980ರ ದಶಕದಲ್ಲಿ, ಇದೇ ಮೊಂಟಾನಾದಲ್ಲಿ. ಕರುಳಿನ ರಾಶಿಯಿಂದ ಮಾಂಸವನ್ನು ದೂರ ಸಾಗಿಸಿ, ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆಗೆ ತೂಗುಹಾಕಬೇಕು. ಡೇರೆಯಲ್ಲಿನ ಬೆಲ್ಲದ ಚೂರಿಗೂ, ಟೂತ್‌ಪೇಸ್ಟಿಗೂ ಇದೇ ನಿಯಮ. ಬಿಟ್ಟುಬಂದ ಮಾಂಸಕ್ಕೆ ಮರುದಿನ ಹೋಗುವಾಗ ದೂರದಿಂದಲೇ ನೋಡಿ, ಸದ್ದು ಮಾಡುತ್ತ ಹೋಗಬೇಕು. ಮಾಂಸದ ಮೇಲೆ ಮಣ್ಣು, ತರಗೆಲೆ ಗುಡ್ಡೆ ಹಾಕಿದ್ದರೆ ಅದು ಕರಡಿಯ ಸೊತ್ತಾಯಿತು. ಮಾತಿಲ್ಲದೆ ಹಿಂದಿರುಗುವುದೇ ಲೇಸು.

ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ. ಸಂಜೆಯಾಗಿದೆ. ಎದುರಿನ ಇಳಿಜಾರಿನಲ್ಲಿ ಭಾರಿ ಕೊಂಬಿನ ಎಲ್ಕ್ ನಿಂತಿದೆ. ಬೆಳಕು ಇನ್ನರ್ಧ ಗಂಟೆ. ಡೇರೆಗೆ ಎರಡು ಗಂಟೆಯ ದಾರಿ. ಗುಂಡು ಹಾರಿಸಿದರೆ ಕತ್ತಲಲ್ಲಿ ರಕ್ತ ಮೆತ್ತಿದ ಕೈಗಳಲ್ಲಿ ಕೂರಬೇಕು, ಇಲ್ಲವೇ ಮಾಂಸವನ್ನು ಕರಡಿಗೆ ಬಿಟ್ಟು ಹೋಗಬೇಕು. ಕರಡಿ ಮೈಮೇಲೆ ಬಂದರೆ ಸಾಯುವುದು ಮನುಷ್ಯನೋ, ಕಾನೂನು ಕಾಪಾಡುತ್ತಿರುವ ಕರಡಿಯೋ ಹೇಳಲಾಗದು.

ಕಾಡಿನಲ್ಲಿ ಆ ಕೊಂಬುಗಳ ಎದುರು ನಿಂತಾಗ ಈ ಲೆಕ್ಕ ಹೊಳೆಯುವುದಿಲ್ಲ. ಚಳಿಗಾಲದಲ್ಲೇ, ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತಾಗ, ಮಧ್ಯಾಹ್ನದ ಮೇಲೆ ಎಷ್ಟು ಗಂಟೆಗೆ ಬಂದೂಕು ಕೆಳಗಿಳಿಸಬೇಕೆಂದು ಜೊತೆಗಾರರಿಬ್ಬರೂ ಒಪ್ಪಿಕೊಂಡಿರಬೇಕು. ಹಾಗೆ ಒಪ್ಪಿ ಬಂದವರು ಆ ಸಂಜೆ ಎಲ್ಕ್‌ನ ಕೂಗನ್ನಷ್ಟೇ ಕೇಳಿ ಡೇರೆಗೆ ಮರಳುತ್ತಾರೆ.