ಕಾಸೂ ಗಟ್ಟಿಯೂ

ಚಿನ್ನಬೆಳ್ಳಿಗಳನ್ನು ಕರಗಿಸಿ ಗಟ್ಟಿ ಹಾಕಿಸಿಡುವುದು ನಮ್ಮ ದೇಶದಲ್ಲಿ ಹೊಸತಲ್ಲ. ಆದರೆ ತಾಮ್ರ, ಕಂಚು ಮೊದಲಾದ ಹೀನಲೋಹಗಳ ಹಳೆಯ ಕಾಸುಗಳನ್ನು ಮೂಸೆಯಲ್ಲಿ ಕರಗಿಸಿ, ಬೆರಳುದ್ದದ ಗಟ್ಟಿಗಳನ್ನು ಎರೆದು, ಅವು ಚಿನ್ನವೋ ಎಂಬಂತೆ ಸಾಲಾಗಿ ಜೋಡಿಸಿಡುವ ಹವ್ಯಾಸವೊಂದು ಈಚೆಗೆ ಕೆಲವು ತರುಣರಲ್ಲಿ ಕಾಣಬರುತ್ತಿದೆ. ಅಮೆರಿಕ ದೇಶದಲ್ಲಿ 1982ಕ್ಕೆ ಹಿಂದಿನ ಒಂದು ಸೆಂಟಿನ ನಾಣ್ಯದಲ್ಲಿ ನೂರಕ್ಕೆ 95 ಪಾಲು ತಾಮ್ರವಿದ್ದಿತು. ಒಳಗಿನ ತಾಮ್ರದ ಬೆಲೆಯು ನಾಣ್ಯದ ಬೆಲೆಯನ್ನೇ ಮೀರಿದುದರಿಂದ, ಅಲ್ಲಿಯ ಸರಕಾರವು 2006ರಲ್ಲಿ ಅದನ್ನು ಕರಗಿಸಕೂಡದೆಂದು ವಿಧಿಸಬೇಕಾಯಿತು. ಈ ಗೀಳು ನಮ್ಮ ಬಂಧುವರ್ಗವನ್ನೂ ಮುಟ್ಟಿತೆಂಬುದೇ ಇಲ್ಲಿಯ ಪ್ರಸ್ತಾಪ.

ನಮ್ಮ ಅಕ್ಕನವರ ಮನೆಯಲ್ಲಿ ಒಂದು ಹಿತ್ತಾಳೆಯ ಕೊಳಗವುಂಟು. ಅದು ಕಾಶೀಯಾತ್ರೆಯ ಮುಡಿಪು. ಆಕೆಯ ಅತ್ತೆಯವರು ಅದರಲ್ಲಿ ತೂತಿನ ಕಾಸುಗಳನ್ನು ಹಾಕುತ್ತಿದ್ದರಂತೆ. ಯುದ್ಧಕಾಲದಲ್ಲಿ ಲೋಹವನ್ನು ಉಳಿಸುವುದಕ್ಕಾಗಿ 1943ರಿಂದ ನಡುವೆ ರಂಧ್ರವಿಟ್ಟು ಅಚ್ಚುಹಾಕಿದ ಕಾಸುಗಳವು. ಅನಂತರ ಅಕ್ಕನವರು ನಯಾಪೈಸೆಗಳನ್ನೂ, ಬಳಿಕ ನಾಲ್ಕಾಣೆಗಳನ್ನೂ ಹಾಕುತ್ತ ಬಂದರು. 25 ಪೈಸೆಯೂ ಅದಕ್ಕೆ ಕೆಳಗಿನವೂ 2011ರ ಜೂನ್ 30ರಿಂದ ಚಲಾವಣೆಯಲ್ಲಿರವೆಂದು ಸರಕಾರವು ಸಾರಿದಾಗ, ಬ್ಯಾಂಕಿಗೆ ಒಯ್ದು ಬದಲಾಯಿಸಿಕೊಳ್ಳೋಣವೆಂದು ಮಗಳು ಅಂಗಲಾಚಿದಳು. "ದೇವರ ಲೆಕ್ಕಕ್ಕೆ ಬ್ಯಾಂಕಿನ ಗಡುವೇ?" ಎಂದರು ಅಕ್ಕ, ಮುಚ್ಚಳವನ್ನು ಬಿಚ್ಚಗೊಡಲಿಲ್ಲ. ಅವರು ಕಾಶಿಗೂ ಹೋಗಲಿಲ್ಲ. ಕಳೆದ ವರ್ಷ ತೀರಿಕೊಂಡರು.

ಕೊಳಗವನ್ನು ಬಿಚ್ಚಿ ಎಣಿಸಲಾಗಿ ನಾಲ್ಕಾಣೆಗಳೇ 1,140 ಇದ್ದುವು. ಎಂದರೆ 285 ರೂಪಾಯಿ. ಅಕ್ಕನವರ ಮೊಮ್ಮಗನು ಇವೆಲ್ಲವನ್ನೂ ಕರಗಿಸಿ ಗಟ್ಟಿ ಮಾಡುವೆನೆಂದನು. ತಾಯಿಯು ಅದು ಅಪಚಾರವೆಂದಳು. ತೀರ್ಮಾನವು ನಮ್ಮ ಬಳಿಗೆ ಬಂದಿತು.

ಮೂವತ್ತು ವರ್ಷಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು ನಾವು. ಬೇರೆ ಮಾರ್ಗ ಕಾಣದೆ ವ್ಯಾಕರಣವನ್ನೇ ಹಿಡಿದೆವು. ರೂಪವನ್ನು ಒತ್ತಿದ್ದಾದುದರಿಂದ ಅದು 'ರೂಪ್ಯ'ವೆಂದು ಪಾಣಿನಿಯು ಹೇಳುವನು. ರೂಪಾಯಿ ಎಂಬ ಮಾತೂ ಅಲ್ಲಿಂದ ಇಳಿದದ್ದು. ನಾಣ್ಯಕ್ಕೆ ನಾಣ್ಯತ್ವವು ಅಚ್ಚಿನಿಂದ ಬಂದುದೇ ಹೊರತು ಲೋಹದಿಂದಲ್ಲ. ರೂಪವನ್ನು ಅಳಿಸಿದಮೇಲೆ ಉಳಿಯುವುದೇನು?

"ತಾತ, ಆ ರೂಪದ ಬೆಲೆಯನ್ನು ಸರಕಾರವೇ ತೆಗೆದುಹಾಕಿತಲ್ಲ," ಎಂದನು ಹುಡುಗ. "ಇನ್ನು ಉಳಿದದ್ದು ಲೋಹವೊಂದೇ. ಅಜ್ಜಿಯ ಉಳಿತಾಯದಲ್ಲಿ ಅಷ್ಟನ್ನಾದರೂ ಕಾಪಾಡಬೇಡವೇ?"

ಇದಕ್ಕೆ ನಮ್ಮಲ್ಲಿ ತಕ್ಷಣ ಉತ್ತರವಿರಲಿಲ್ಲ. ಮುದ್ರೆಯನ್ನು ನಂಬಿ ಕೂಡಿಟ್ಟವಳಿಗೆ ಮುದ್ರೆಯು ಕೈಕೊಟ್ಟಿತ್ತು. ಹುಡುಗನ ಮಾತಿನಲ್ಲಿ ನ್ಯಾಯವಿದ್ದಿತು. ಎಂಟಾಣೆಗಳನ್ನು ಮಾತ್ರ ಬೇರೆ ತೆಗೆಯಿಸಿದೆವು. ಅವು ಇಂದಿಗೂ ಚಲಾವಣೆಗೆ ಸಲ್ಲುವಂಥವು; ಅಂಥ ನಾಣ್ಯವನ್ನು ಕರಗಿಸಿದವರಿಗೆ 2011ರ ನಾಣ್ಯಶಾಸನದಂತೆ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ತಾಯಿಯನ್ನೂ ಒಪ್ಪಿಸಿ, ಮೊದಲು ನಯಾಪೈಸೆಗಳಷ್ಟನ್ನೇ ಪರೀಕ್ಷಿಸಬಹುದೆಂದು ಹೇಳಿದೆವು.

1957ರಲ್ಲಿ ಹೊರಟ ಕಂಚಿನ ನಯಾಪೈಸೆಯ ತೂಕ ಒಂದೂವರೆ ಗ್ರಾಂ. ಅಂಥವು 400, ಎಂದರೆ 600 ಗ್ರಾಂ, ಮೂಸೆಗೆ ಬಿದ್ದುವು. ಹುಡುಗನ ವಿದ್ಯುತ್ಕುಲುಮೆಯು ಸಣ್ಣದು, 1,100 ಡಿಗ್ರಿಗೆ ಮೇಲೇರದು. ತಾಮ್ರವು 1,085 ಡಿಗ್ರಿಗೆ ಕರಗುವುದರಿಂದ ಕಂಚಿಗೆ ಅಷ್ಟು ಸಾಕು. ಕಾಸುಗಳನ್ನು ಚೆನ್ನಾಗಿ ಒಣಗಿಸಿ ಹಾಕೆಂದು ಎಚ್ಚರಿಸಿದ್ದೆವು, ಏಕೆಂದರೆ ಕರಗಿದ ಲೋಹದೊಳಗೆ ತೇವ ಹೊಕ್ಕರೆ ಅದು ಒಮ್ಮೆಲೆ ಹಬೆಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಆದರೂ ಬಿಳಿಯ ಹೊಗೆಯೊಂದು ಎದ್ದೇ ಎದ್ದಿತು. 1962ರಿಂದ ಹೊರಟ ಹಳದಿಯ ಪೈಸೆಗಳು ಕೆಲವು ಅದರೊಳಗೆ ಸೇರಿಹೋಗಿದ್ದುವು. ಅವುಗಳಲ್ಲಿ ಸತುವುಂಟು, ಸತುವು 907 ಡಿಗ್ರಿಗೇ ಕುದಿದು ಆವಿಯಾಗುವುದು. ಆ ಹೊಗೆಯನ್ನು ಸೇವಿಸಿದ ಎರಕದವರಿಗೆ ಚಳಿಜ್ವರ ಬರುವುದುಂಟು. ಹುಡುಗನನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದುತಂದೆವು.

ಕಿಟ್ಟ ಕಳೆದು 570 ಗ್ರಾಮಿನ ಗಟ್ಟಿಯಾಯಿತು. ನೋಡಲು ಸೊಗಸಾಗಿಯೇ ಇದ್ದಿತೆನ್ನಬೇಕು. ಗುಜರಿಯ ಅಂಗಡಿಯವನು ಅದನ್ನು ತಿರುವಿ ತಿರುವಿ ನೋಡಿ, ಅರದಿಂದ ಮೂಲೆಯನ್ನು ಉಜ್ಜಿ, ಕಲಬೆರಕೆ ಹಿತ್ತಾಳೆಯ ದರವನ್ನು ಹೇಳಿದನು. "ಕಾಸಾಗಿಯೇ ತಂದಿದ್ದರೆ ಕಂಚೆಂದು ಕಣ್ಣಿಗೇ ಕಾಣುತ್ತಿತ್ತು, ಸ್ವಾಮಿ. ಇದರ ಹೊಟ್ಟೆಯಲ್ಲಿ ಸೀಸವಿದೆಯೋ ಸತುವಿದೆಯೋ, ನನಗೇನು ಗೊತ್ತು?"

ಹುಡುಗನಿಗೆ ಸಿಟ್ಟು ಬಂದಿತು. ನಮಗಂತೂ ಅಂಗಡಿಯವನ ಮಾತು ಸರ್ವಥಾ ಸರಿಯೆಂದು ತೋರಿತು. ಕೌಟಿಲ್ಯನು ನಾಣ್ಯಗಳನ್ನು ಪರೀಕ್ಷಿಸಲು 'ರೂಪದರ್ಶಕ'ನೆಂಬ ಅಧಿಕಾರಿಯನ್ನೇ ನೇಮಿಸಿದ್ದಾನೆ. ಲೋಹವು ಇಂಥದು, ಇಷ್ಟು ತೂಕದ್ದೆಂದು ಹೇಳುವ ಸಾಕ್ಷಿಪತ್ರವು ಕಾಸಿನ ಮೈಮೇಲೆಯೇ ಇರುವುದು; ಚಲಾವಣೆ ನಿಂತರೂ ಆ ಸಾಕ್ಷ್ಯವು ನಿಲ್ಲದು. ಹುಡುಗನು ಕರಗಿಸಿದ್ದು ಅದನ್ನೇ.

ಇನ್ನು ನಾಲ್ಕಾಣೆಗಳ ಮಾತು. ಅಯಸ್ಕಾಂತವನ್ನು ಹಿಡಿದಾಗ ಹಳೆಯವು ಕೆಲವೂ ಹೊಸವೆಲ್ಲವೂ ಅದಕ್ಕೆ ಅಂಟಿಕೊಂಡುವು, ನಡುಗಾಲದವು ಅಂಟಲಿಲ್ಲ. ಮೊದಲಿನವು ಶುದ್ಧ ನಿಕಲ್, ಕಡೆಯವು ಉಕ್ಕು, ನಡುವಿನವು ತಾಮ್ರನಿಕಲ್‌ಗಳ ಮಿಶ್ರಣ. ನಿಕಲ್ ಕರಗಲು 1,455 ಡಿಗ್ರಿಯ ಶಾಖ ಬೇಕು. ಉಕ್ಕಿಗೂ ಹೆಚ್ಚುಕಡಮೆ ಅಷ್ಟೇ. ಮಿಶ್ರಣವೂ 1,100ಕ್ಕೆ ಜಗ್ಗದು. ಹುಡುಗನು ಒಂದು ಹಿಡಿಯಷ್ಟನ್ನು ಮೂರು ಗಂಟೆ ಕಾಲ ಕಾಯಿಸಿ ನೋಡಿದನು. ಮೈ ಕಪ್ಪಾಯಿತೇ ಹೊರತು ಸಿಂಹಗಳ ಮುಖ ಸಹ ಅಳಿಯಲಿಲ್ಲ.

ಮಾರನೆಯ ದಿನ ಅವನ ತಾಯಿಯು ಆ ಕಪ್ಪಾದವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಕೊಳಗಕ್ಕೆ ಸೇರಿಸಿದಳು. ತನ್ನ ಸಂಬಳದಿಂದ 285 ರೂಪಾಯಿಗಳನ್ನು ಎಣಿಸಿ, ಕಾಶಿಗೆ ಹೊರಟಿದ್ದ ನೆರೆಮನೆಯವರ ಕೈಗೆ ಅಕ್ಕನವರ ಹೆಸರಿನಲ್ಲಿ ಕೊಟ್ಟಳು. ಗುಜರಿಯವನಿಗೆ ಕೊಡದ ಗಟ್ಟಿಯು ಹುಡುಗನ ಮೇಜಿನ ಮೇಲಿದೆ. ಅದನ್ನು ಯಾವ ಊರಿನ ಕಂಚುಗಾರರು ಕೊಂಡಾರೆಂದು ಅವನು ಇನ್ನೂ ವಿಚಾರಿಸುತ್ತಿದ್ದಾನೆ.