ಗಂಗಾ ಧಾಬಾದಲ್ಲಿ ಕೊರಿಯಾ ಯುದ್ಧ

ನಾವು ಜೆಎನ್‌ಯು ಸೇರಿದ್ದು 1989ರ ಮಳೆಗಾಲದಲ್ಲಿ. ಧಾರವಾಡದವನೊಬ್ಬ, ಮಂಗಳೂರಿನವಳೊಬ್ಬಳು, ಮೈಸೂರಿನ ನಾನು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ದೆಹಲಿಯಲ್ಲಿ ಇಳಿದಾಗ ಮೂವರ ತಲೆಯಲ್ಲೂ ಒಂದೇ ಲೆಕ್ಕ: ಮೊದಲು ಎಂ.ಫಿಲ್., ಆಮೇಲೆ ಪಿಎಚ್.ಡಿ., ನಡುವೆ ಅದೃಷ್ಟವಿದ್ದರೆ ಐಎಎಸ್. ನವೆಂಬರ್ 9ಕ್ಕೆ ಬರ್ಲಿನ್ ಗೋಡೆ ಬಿತ್ತು. ಆ ವಾರ ಹಾಸ್ಟೆಲಿನ ಟಿವಿ ಕೋಣೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೆಲವರ ಮುಖ ಅರಳಿತ್ತು, ಕೆಲವರು ಮನೆಯಲ್ಲಿ ಸಾವಾದವರಂತೆ ಕೂತಿದ್ದರು. ಅಲ್ಲಿಂದ ಮುಂದೆ ಯಾವ ಸೆಮಿನಾರೂ ಹೊತ್ತಿಗೆ ಸರಿಯಾಗಿ ಮುಗಿದದ್ದು ನೆನಪಿಲ್ಲ.

ನಮ್ಮ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಜೆಎನ್‌ಯುಗಿಂತ ಹಿರಿಯದು. 1955ರಲ್ಲಿ ಬಾರಾಖಂಬಾ ರಸ್ತೆಯ ಸಪ್ರೂ ಹೌಸ್‌ನಲ್ಲಿ ಹುಟ್ಟಿ, ಎ. ಅಪ್ಪಾದೊರೈ ಅವರ ಕೈಯಲ್ಲಿ ಬೆಳೆದು, 1970ರಲ್ಲಿ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡದ್ದು. ಹಾಗಾಗಿ ಹಳೆಯ ಮೇಷ್ಟ್ರುಗಳ ಮಾತಿನಲ್ಲಿ ಬಾರಾಖಂಬಾ ರಸ್ತೆ ಇನ್ನೂ ತವರುಮನೆಯೇ. ನಮ್ಮನ್ನೂ ಅಲ್ಲಿಗೇ ಅಟ್ಟುತ್ತಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ವಿಷಯವಾರು ಕತ್ತರಿಸಿ ಅಂಟಿಸಿದ ಪತ್ರಿಕಾ ತುಣುಕುಗಳಿದ್ದವು. 615ನೇ ನಂಬರ್ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಮಧ್ಯಾಹ್ನದವರೆಗೆ ಧೂಳು ಕುಡಿದು, ಹತ್ತಿರದ ಬೆಂಗಾಲಿ ಮಾರ್ಕೆಟ್ಟಿನಲ್ಲಿ ಛೋಲೆ ಭಟೂರೆ ತಿಂದರೆ ಅದೇ ಸಂಶೋಧನೆ. ಅನ್ನ ಸಾರು ಕಾಣದೆ ತೀರಾ ಮನಸ್ಸು ಕೆಟ್ಟ ದಿನ ಚಾಣಕ್ಯಪುರಿಯ ಕರ್ನಾಟಕ ಭವನ.

ಧಾರವಾಡದವನು ಆರಿಸಿಕೊಂಡ ವಿಷಯ ಕಾಮಿಕಾನ್, ಅಂದರೆ ಸೋವಿಯತ್ ಬಣದ ದೇಶಗಳ ಆರ್ಥಿಕ ಕೂಟ. ಬರ್ಲಿನ್ ಸುದ್ದಿ ಬಂದ ರಾತ್ರಿಯೇ ಅವನ ಗೋಳು ಶುರು: “ನಾ ಬರದು ಮುಗಸೂತನಕಾ ಅದು ಇರ್ತದೋ ಇಲ್ಲೋ ಮಾರಾಯಾ!” ಇರಲಿಲ್ಲ. 1991ರ ಜೂನ್‌ನಲ್ಲಿ ಕಾಮಿಕಾನ್ ಮುಚ್ಚಿತು, ಜುಲೈ 1ಕ್ಕೆ ವಾರ್ಸಾ ಒಪ್ಪಂದ, ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ. ಅವನು ಬರೆದಿಟ್ಟ ಅಧ್ಯಾಯಗಳ ವರ್ತಮಾನಕಾಲವನ್ನೆಲ್ಲ ಭೂತಕಾಲಕ್ಕೆ ತಿದ್ದಲು ನಾವೂ ಕೂತೆವು. ಅವನ ಗೈಡ್ ಮಾತ್ರ ನಕ್ಕು, ಇಲ್ಲಿಯವರೆಗೆ ನೀನು ಬರೆಯುತ್ತಿದ್ದದ್ದು ರಾಜಕೀಯ, ಇನ್ನು ಇತಿಹಾಸ ಬರಿ ಅಂದರಂತೆ.

ನನ್ನದು, ಮಂಗಳೂರಿನ ಗೆಳತಿಯದು ಇಬ್ಬರದೂ ಕೊರಿಯಾ ಯುದ್ಧ. ಜಗಳವೂ ಅಲ್ಲೇ. ಅವಳ ನಾಯಕರು ಬೆನಗಲ್ ನರಸಿಂಗ ರಾಯರು. ಸಂವಿಧಾನ ಸಭೆಯ ಸಲಹೆಗಾರರೆಂದು ನಮಗೆಲ್ಲ ಗೊತ್ತಿದ್ದ ಈ ಮಂಗಳೂರಿನವರು, 1950ರ ಜೂನ್ 25ರಂದು ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಆ ತಿಂಗಳ ಅಧ್ಯಕ್ಷರಾಗಿದ್ದರು. ಚೀನಾದ ಸ್ಥಾನದ ತಕರಾರಿನಿಂದ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ವೀಟೋ ಹಾಕುವವರೇ ಇಲ್ಲ. ಮೊದಲ ನಿರ್ಣಯಕ್ಕೆ ಭಾರತ ಕೈಯೆತ್ತಿತು. ಎರಡು ದಿನ ಬಿಟ್ಟು ಸೈನಿಕ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ತಲುಪದೆ ರಾಯರು ಮತವನ್ನೇ ಹಾಕಲಿಲ್ಲ. ಆ ಖಾಲಿ ಬಿಟ್ಟ ಮತದ ಮೇಲೆ ಅವಳು ಒಂದಿಡೀ ಅಧ್ಯಾಯ ಬರೆದಳು.

ನನ್ನ ನಾಯಕರು ಕೊಡಗಿನ ಜನರಲ್ ತಿಮ್ಮಯ್ಯ. ಕದನವಿರಾಮವಾದ ಮೇಲೆ ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಮಿಕ್ಕಿ ಕೈದಿಗಳನ್ನು ಏನು ಮಾಡುವುದು ಎಂದು ತೀರ್ಮಾನಿಸಬೇಕಿದ್ದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅವರೇ ಅಧ್ಯಕ್ಷರು. ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ತನ್ನ ನೆಲಕ್ಕೆ ಭಾರತದ ಸಿಪಾಯಿಗಳು ಕಾಲಿಡಕೂಡದು ಎಂದು ಹಟ ಹಿಡಿದ. ಕಡೆಗೆ ಅವರನ್ನು ಹೆಲಿಕಾಪ್ಟರುಗಳಲ್ಲಿ ತುಂಬಿ ನಿಸ್ಸೇನಾ ವಲಯಕ್ಕೆ ಸಾಗಿಸಬೇಕಾಯಿತು. ಕೈದಿಗಳು ಕಲ್ಲು ತೂರಿ ಸ್ವಾಗತಿಸಿದರು. ಯಾವ ಕಡೆಗೂ ಹೋಗಲೊಲ್ಲದ 88 ಮಂದಿಯನ್ನು ನಮ್ಮವರು 1954ರಲ್ಲಿ ಹಡಗಿನಲ್ಲಿ ಭಾರತಕ್ಕೇ ಕರೆತಂದರು. ದೊಡ್ಡವರ ಜಗಳದಲ್ಲಿ ಬಡ ದೇಶವೊಂದು ಇಷ್ಟು ನೇರವಾಗಿ ನಡೆದುಕೊಂಡದ್ದು ಕಡಿಮೆ ಎಂಬುದು ನನ್ನ ವಾದ. ಎರಡೂ ಬಣದ ಬೈಗುಳ ತಿಂದು ಬಂದದ್ದಷ್ಟೇ ಲಾಭ ಎಂಬುದು ಅವಳದು.

ಈ ವಾದಗಳೆಲ್ಲ ನಡೆಯುತ್ತಿದ್ದದ್ದು ರಾತ್ರಿ ಮೆಸ್ಸಿನ ಊಟ ಮುಗಿದ ಮೇಲೆ, ಗಂಗಾ ಧಾಬಾದ ಬಂಡೆಗಳ ಮೇಲೆ. ಪಕ್ಕದಲ್ಲಿ ಯಾರೋ ಯೂನಿಯನ್ ಚುನಾವಣೆಯ ಪರ್ಚಾ ಓದುತ್ತಿರುತ್ತಿದ್ದರು, ಇನ್ಯಾರೋ ನಡುವೆ ಬಾಯಿ ಹಾಕುತ್ತಿದ್ದರು. ಮಣಿಪುರದ ಗೆಳತಿಯೊಬ್ಬಳು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಿದ್ದಳು: ಯಾವ ಕಾಗದದಲ್ಲಿದೆ? ಅಲ್ಲಿಗೆ ನಮ್ಮ ಅರ್ಧ ಆವೇಶ ಇಳಿಯುತ್ತಿತ್ತು. ಆ ಸ್ಕೂಲ್ ನಮಗೆ ಕಲಿಸಿದ್ದು ಇದೊಂದೇ ಅಂದರೂ ತಪ್ಪಲ್ಲ. ಸಿದ್ಧಾಂತಗಳ ಪಾಠ ನನಗೆ ಈಗ ಒಂದೂ ನೆನಪಿಲ್ಲ.

ಕಾಗದ ಎಲ್ಲಿತ್ತು ಎಂಬುದು ಬೇರೆಯೇ ಕಥೆ. 1950ರ ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್ ಲಾಯ್ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡು, ಅಮೆರಿಕದ ಪಡೆ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದರು. ದೆಹಲಿ ಅದನ್ನು ಮುಟ್ಟಿಸಿದರೂ ವಾಷಿಂಗ್ಟನ್ ನಂಬಲಿಲ್ಲ. ಆ ತಿಂಗಳಲ್ಲೇ ಚೀನಾ ಯುದ್ಧಕ್ಕಿಳಿಯಿತು. ನಮ್ಮದೇ ರಾಯಭಾರಿಯ ಈ ಪ್ರಸಂಗವನ್ನು ನಾವು ಓದಿದ್ದು ಅಮೆರಿಕ ಸರ್ಕಾರ ಅಚ್ಚು ಹಾಕಿಸಿದ ದಪ್ಪ ಸಂಪುಟದಲ್ಲಿ, ಕಸ್ತೂರಬಾ ಗಾಂಧಿ ಮಾರ್ಗದ ಅಮೆರಿಕನ್ ಸೆಂಟರಿನ ಎ.ಸಿ. ತಂಪಿನಲ್ಲಿ. ನಮ್ಮ ವಿದೇಶಾಂಗ ಕಡತಗಳು ಬೀಗದೊಳಗಿದ್ದವು. ಮುಖ್ಯಮಂತ್ರಿಗಳಿಗೆ ನೆಹರು ಬರೆದ ಪತ್ರಗಳನ್ನು ಜೆಎನ್‌ಯುವಿನ ಮೊದಲ ಕುಲಪತಿ ಜಿ. ಪಾರ್ಥಸಾರಥಿ ಸಂಪಾದಿಸಿ ಆಗಷ್ಟೇ ಹೊರತಂದಿದ್ದರಿಂದ ಬಚಾವಾದೆವು. ಗುಟ್ಟು ಕಾಪಾಡುವ ಹೆಸರಿನಲ್ಲಿ ನಮ್ಮ ಸರ್ಕಾರಗಳು ನಮ್ಮ ಇತಿಹಾಸವನ್ನು ಪರರ ಕೈಗೆ ಕೊಟ್ಟವೆಂಬ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. 25 ವರ್ಷ ದಾಟಿದ ದಾಖಲೆಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕೆಂಬ ಕಟ್ಟಲೆ ಬಂದದ್ದು ನಾವು ಊರಿಗೆ ಮರಳಿದ ಮೇಲೆ.

ಧಾರವಾಡದವನು ಬ್ಯಾಂಕ್ ಸೇರಿದ, ಮಂಗಳೂರಿನವಳು ಮೇಡಂ ಆಗಿ ನಿವೃತ್ತಳಾದಳು, ಐಎಎಸ್ ಯಾರಿಗೂ ದಕ್ಕಲಿಲ್ಲ. 2022ರ ಯುಜಿಸಿ ನಿಯಮದಿಂದ ಎಂ.ಫಿಲ್. ಪದವಿಯೇ ಹೋಯಿತು. ಆ ವರ್ಷಗಳ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮ್ಮ ಟಿಪ್ಪಣಿ ಕಾರ್ಡುಗಳನ್ನು ರದ್ದಿಗೆ ಹಾಕಬೇಡಿ. ರಾಯರ ಬಗ್ಗೆ, ತಿಮ್ಮಯ್ಯನವರ ಬಗ್ಗೆ ಕನ್ನಡದಲ್ಲಿ ಬರೆಯಹೊರಡುವ ಹುಡುಗ ಹುಡುಗಿಯರಿಗೆ ಅವು ಬೇಕಾಗುತ್ತವೆ. ಹುಡುಕಿ ಕೊಡಿ.